ಜೋಗುಳ ಕಲಿತ ಗುರಲಿಂಗಪ್ಪ

ಗುರುಸಿದ್ದವ್ವ ಮೊದಮೊದಲು ಒಲೆಯ ಮೇಲಿಟ್ಟ ಹಾಲು ಮರೆಯುತ್ತಿದ್ದಳು, ಆಮೇಲೆ ಮೊಮ್ಮಕ್ಕಳ ಹೆಸರು. ಈ ಸಲ ತಿಕೋಟಾದ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗುವ ಹೊತ್ತಿಗೆ ಗಂಡನನ್ನೇ ಮರೆತಳು. ಗುರಲಿಂಗಪ್ಪ ಚಹಾ ಹಿಡಿದು ಕೋಣೆಗೆ ಹೋದರೆ ಸೆರಗು ಬಿಗಿಯಾಗಿ ಹೊದ್ದುಕೊಂಡು, ಯಾರೋ ಗಂಡಸು ಒಳಗೆ ಬಂದಿದ್ದಾನೆಂದು ಸೊಸೆಯನ್ನು ಕೂಗುತ್ತಿದ್ದಳು. ಹೋದ ನೆನಪು ತಿರುಗಿ ಬರುವುದು ಕಷ್ಟ, ಆಕೆ ಗಾಬರಿಯಾಗದಂತೆ ನೋಡಿಕೊಳ್ಳಿ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ಗುರಲಿಂಗಪ್ಪ ತನ್ನ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡ.

ಅದಾದ ಮೇಲೆ ಬಬಲೇಶ್ವರದಲ್ಲಿ ಬೀಗರ ಮನೆಯ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಮಾವನ ಜೊತೆ ಹೊರಟ ಸೊಸೆ ಅನುರಾಧಾ ಅತ್ತೆಯನ್ನೂ ಕರೆದುಕೊಂಡು ಹೋದಳು. ಅಷ್ಟು ಮಂದಿಯನ್ನು ಕಂಡು ಗುರುಸಿದ್ದವ್ವ ಸೊಸೆಯ ಬೆನ್ನ ಹಿಂದೆಯೇ ನಿಂತಿದ್ದಳು. ಹೆಂಗಸರು ತೊಟ್ಟಿಲು ತೂಗುತ್ತ ಜೋಗುಳ ಎತ್ತಿದರು. ಎರಡನೆಯ ನುಡಿಗೆ ಅವರಿಗೆ ಹಾಡು ಮರೆತು ಎಲ್ಲರೂ ನಕ್ಕರು. ಆಗ ಹಿಂದಿನಿಂದ ಗುರುಸಿದ್ದವ್ವನ ದನಿ ಬಂತು. ಒಂದು ಮಾತೂ ತಪ್ಪದೆ ಕೊನೆಯ ತನಕ ಹಾಡಿದಳು, ಹಾಡುತ್ತ ಮುಂದೆ ಬಂದು ತೊಟ್ಟಿಲ ಹಗ್ಗ ಹಿಡಿದಳು. ಅವತ್ತು ಹೊಟ್ಟೆ ತುಂಬ ಉಂಡಳು. ಕಾರಿನಲ್ಲಿ ಬರುವಾಗ ಗಂಡನ ಪಕ್ಕದಲ್ಲೇ ಕುಳಿತಿದ್ದರೂ ಹೆದರಲಿಲ್ಲ.

ಮರುದಿನ ಗುರಲಿಂಗಪ್ಪ ಬಸ್ಸು ಹತ್ತಿ ನಿಡೋಣಿಗೆ ಹೋದ. ಅಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳು ರೇಣವ್ವ ಇದ್ದಳು. ಹರೆಯದಲ್ಲಿ ಇಬ್ಬರೂ ಜೋಡಿಯಾಗಿ ಹಾಡಿದವರು, ಊರಿನ ಯಾವ ಮದುವೆಯೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ತನಗೆ ಜೋಗುಳ ಕಲಿಸಬೇಕೆಂದು ಅವನು ಕೇಳಿದಾಗ ರೇಣವ್ವನಿಗೆ ನಗು ತಡೆಯಲಾಗಲಿಲ್ಲ. ಮಂಗಳಾರತಿಗೆ ದನಿಗೂಡಿಸಲೂ ನಾಚುತ್ತಿದ್ದ ಮನುಷ್ಯ ಅವನು.

“ಆಕಿ ನನ್ನ ಮರ್ತಾಳವಾ, ಹಾಡು ಮರ್ತಿಲ್ಲ,” ಎಂದ ಗುರಲಿಂಗಪ್ಪ. “ಹಾಡಕೋತ ಹೋದ್ರ ಒಳಗ ಬಿಡ್ತಾಳೇನೋ ನೋಡೂಣಂತ ಬಂದೇನಿ.”

ರೇಣವ್ವ ನಗುವುದನ್ನು ಬಿಟ್ಟು, ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟಳು. ಮತ್ತೆ ಮತ್ತೆ ಹೋಗಿ ಕಲಿತ. ಬಸ್ಸಿನಲ್ಲಿ ಬರುವಾಗ ಬಾಯಲ್ಲೇ ಗುನುಗುತ್ತಿದ್ದರೆ ಪಕ್ಕದವರು ತಿರುಗಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅವನು ಕೋಣೆಯ ಹೊಸ್ತಿಲ ಹೊರಗೆ ಕುಳಿತು ಹಾಡತೊಡಗಿದ. ದನಿ ಒಡೆಯುತ್ತಿತ್ತು, ರಾಗ ಎಲ್ಲೆಲ್ಲೋ ಹೋಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅನುರಾಧಾ ಕೆಲಸ ಬಿಟ್ಟು ಬಾಗಿಲಿಗೆ ಬಂದಳು. ಒಳಗೆ ಗುರುಸಿದ್ದವ್ವ ಸ್ವಲ್ಪ ಹೊತ್ತು ಕೇಳಿ ತಡೆಯಲಾರದೆ ಅಂದಳು:

“ಹಂಗಲ್ರಿ. ಅಲ್ಲಿ ಎಳೀಬೇಕು. ನಾ ಹೇಳ್ತೀನಿ, ಕೇಳ್ರಿ.”

ಅಂದಿನಿಂದ ಅದೇ ರೂಢಿಯಾಯಿತು. ಕೆಲವೇ ದಿನಗಳಲ್ಲಿ ಅವನು ಹೊಸ್ತಿಲು ದಾಟಿ ಒಳಗೆ ಕುಳಿತ. ಅವನ ಕೈಯಿಂದ ಚಹಾ ಕುಡಿದಳು, ಗುಳಿಗೆ ನುಂಗಿದಳು. ಹಾಡಿದ ದಿನ ಸ್ನಾನಕ್ಕೂ ಜಗಳವಿರಲಿಲ್ಲ. ತಡವಾದರೆ, ಹಾಡುವವರು ಇನ್ನೂ ಯಾಕೆ ಬಂದಿಲ್ಲ ಎಂದು ಸೊಸೆಯನ್ನು ಕೇಳುತ್ತಿದ್ದಳು. ಆದರೆ ಅವನು ಯಾರೆಂಬುದು ಮಾತ್ರ ನೆನಪಾಗಲಿಲ್ಲ.

ಒಮ್ಮೆ ಹಾಡು ಮುಗಿದ ಮೇಲೆ ಆಕೆ ಅವನ ಕಡೆ ಬಗ್ಗಿ ದನಿ ತಗ್ಗಿಸಿದಳು.

“ನಾ ಹಿಂಗಂದೆ ಅಂತ ನಮ್ಮ ಮನಿಯವ್ರಿಗೆ ಹೇಳಬ್ಯಾಡ್ರಿ, ಮನಸಿಗೆ ಹಚ್ಚಿಕೊಂಡಾರು. ಅವ್ರಿಗೆ ಹಾಡಾಕ ಒಟ್ಟ ಬರಂಗಿಲ್ಲ. ಆದ್ರ ಭಾಳ ಛಲೋ ಮನಷ್ಯಾರು.”

ಗುರಲಿಂಗಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಅವರು ಈಗ ಎಲ್ಲಿದ್ದಾರೆಂದು ಕೇಳಿದ.

“ಹೊಲಕ್ಕ ಹೋಗ್ಯಾರ. ಬರ್ತಾರ.”

“ಹಂಗಾರ ಅವ್ರು ಬರೂತನಾ ಇನ್ನೊಂದು ನುಡಿ ಹೇಳಿಕೊಡ್ರಿ,” ಎಂದ.

ಗುರುಸಿದ್ದವ್ವ ಮಂಚದ ಮೇಲೆ ಕೊಂಚ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.