ಸೋಮವಾರದ ಕುಂಕುಮದ ಬುಟ್ಟಿ

ನನ್ನ ಅವ್ವ ಹೊಂಬಾಳಮ್ಮ ಗುಬ್ಬಿ ಸಂತೆಯಲ್ಲಿ ಅರಿಶಿನ ಕುಂಕುಮ ಮಾರುತ್ತಿದ್ದಳು. ಗಂಡ ಸತ್ತ ಹೆಂಗಸು ಮಾರಬಾರದ ಸರಕು ಅಂತ ಒಂದಿದ್ದರೆ ಅದು ಅದೇ. ವ್ಯಾಪಾರ ಅಪ್ಪನದು. ಅವನು ಐವತ್ತೇಳನೇ ಇಸವಿಯಲ್ಲಿ ಒಂದು ವಾರ ಜ್ವರ ಕಾದು ಹೋಗಿಬಿಟ್ಟ. ಉಳಿದದ್ದು ಒಂದು ಹಿತ್ತಾಳೆ ತಕ್ಕಡಿ, ನಾಲ್ಕು ಡಬ್ಬಿ, ಹಾಸಿಗೆ ಹಿಡಿದಿದ್ದ ಅಜ್ಜಿ, ಮತ್ತೆ ನಾನು. ಅವ್ವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ತಿಥಿ ಮುಗಿದ ಮೇಲಿನ ಮೊದಲ ಸೋಮವಾರ ಅವಳು ಗೋಣಿ ಹಾಸಿ ಕೂತಾಗ ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ಹತ್ತು ವರ್ಷದ ಗಿರಾಕಿಗಳು ಅವಳ ಬರಿ ಹಣೆ ನೋಡಿ, ಏನೋ ನೆನಪಾದವರ ಹಾಗೆ ಮುಂದೆ ಹೋದರು. ಈಗಲೂ ಆ ಮುಖಗಳು ನೆನಪಾದರೆ ನನಗೆ ಸಿಟ್ಟು ಬರುತ್ತದೆ. ಪಕ್ಕದಲ್ಲಿ ಕಡ್ಲೆಪುರಿ ಮಾರುತ್ತಿದ್ದ ಗಂಗಹನುಮಯ್ಯ ಒಂದು ದಾರಿ ತೋರಿಸಿದ.

"ಅಕ್ಕಯ್ಯ, ನೀನು ವಸಿ ಹಿಂದಕ್ಕೆ ಸರ್ಕೊಂಡು ಕೂತ್ಕೊ. ನಿನ್ ಮಗ್ಳು ಸಿದ್ದಗಂಗಿ ಕೈಲಿ ಬೋಣಿ ಮಾಡ್ಸು. ಕನ್ನೆ ಹುಡ್ಗಿ ಕೈಗೆ ಯಾರು ಏನಂದಾರು?"

ಯಾರೂ ಏನೂ ಅನ್ನಲಿಲ್ಲ. ಅದೇ ಡಬ್ಬಿ, ಅದೇ ಕುಂಕುಮ. ಕೊಡುವ ಕೈ ನನ್ನದಾದ ಕೂಡಲೇ ಎಲ್ಲರಿಗೂ ಬೇಕಾಯಿತು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ತುಮಕೂರಿನ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಊಟ ವಸತಿ ಕೊಟ್ಟು ಕೈಗೂ ಒಂದಿಷ್ಟು ಕೊಡುತ್ತಾರೆ ಅನ್ನುವ ಸುದ್ದಿ ಬಂತು. ನಾನು ಬೇಡವೆಂದೆ. ನಾನು ಹೋದರೆ ಸಂತೆಯಲ್ಲಿ ಬೋಣಿ ಮಾಡುವವರು ಯಾರು?

"ನನ್ ಬಾಳು ಯಾರ್‍ಯಾರೋ ನನ್ ಹಣೆ ನೋಡೋದ್ರ ಮೇಲೆ ನಿಂತದೆ. ನಿಂದು ಹಂಗಾಗೋದು ಬ್ಯಾಡ. ಹೋಗು," ಅಂದಳು ಅವ್ವ.

ಹೋದೆ. ಸೋಮವಾರ ಮಾತ್ರ ಅರ್ಧ ದಿನ ರಜ ಬೇಡಿ, ಬಸ್ಸು ಹಿಡಿದು ಸಂತೆಗೆ ಓಡುತ್ತಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ. ಸಂತೆಯಲ್ಲಿ ಕುಂಕುಮ ತೂಗುವಾಗ ವಾರ್ಡಿನ ಜ್ವರದ ಚಾರ್ಟು ನೆನಪಾಗುತ್ತಿತ್ತು, ವಾರ್ಡಿನಲ್ಲಿ ಬ್ಯಾಂಡೇಜು ಸುತ್ತುವಾಗ ಅವ್ವನ ಬರಿ ಹಣೆ. ಮೂರು ತಿಂಗಳಾಗುವಷ್ಟರಲ್ಲಿ ಟ್ಯೂಟರ್ ಮೇಡಂ ಕರೆದು ಕೂರಿಸಿಕೊಂಡರು. ಕೆಟ್ಟ ಹೆಂಗಸೇನಲ್ಲ. "ನೋಡಮ್ಮ, ಕಾಯಿಲೆಯವರಿಗೆ ಸೋಮವಾರ ಅಂತ ರಜ ಇಲ್ಲ. ಮುಂದಿನ ವಾರದಿಂದ ಇಲ್ಲಿರ್ತೀಯೋ, ಸಂತೇಲಿರ್ತೀಯೋ ಹೇಳಿಬಿಡು," ಅಂದರು.

ಬಿಟ್ಟು ಬರುತ್ತೇನೆ ಅಂತ ಹೇಳಲೆಂದೇ ಊರಿಗೆ ಹೋದೆ. ಅವ್ವ ಅಜ್ಜಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅಜ್ಜಿಯ ಬಾಯಿ ಒರೆಸಿ, ಯೋಚನೆ ಮಾಡಿ ಹೇಳಿದಳು:

"ನೀನು ಬರೋದ್ ಬ್ಯಾಡ. ನಾನೇ ಬುಟ್ಟಿ ತತ್ತೀನಿ. ನೀನು ಮುಟ್ ಕೊಡು. ನನ್ ಮಗಳು ಮುಟ್ ಕೊಟ್ಟಿದ್ದು ಅಂತ ಹೇಳಿ ಮಾರ್‍ತೀನಿ."

ಅಲ್ಲಿಂದ ಅದೇ ಪದ್ಧತಿಯಾಯಿತು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅವ್ವ ತುಮಕೂರಿಗೆ ಬಂದು, ಆಸ್ಪತ್ರೆಯ ಗೇಟಿನ ಪಕ್ಕ ಬುಟ್ಟಿ ಇಟ್ಟುಕೊಂಡು ನಿಲ್ಲುವಳು. ಕಾವಲುಗಾರ ಅಂಜನಪ್ಪ ಒಳಗೆ ಹೇಳಿ ಕಳಿಸುವನು. ನಾನು ಬಿಳಿ ಸೀರೆಯಲ್ಲಿ ಓಡಿ ಬಂದು ಡಬ್ಬಿಗಳನ್ನು ಮುಟ್ಟಿ, ಒಂದೊಂದು ಚಿಟಿಕೆ ಎತ್ತಿ ಹಾಕಿ ಓಡಬೇಕು. ಅವ್ವ ಮುಂದಿನ ಬಸ್ಸಿಗೆ ಗುಬ್ಬಿಗೆ ವಾಪಸ್ಸು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಈ ಬಿಳೀ ಸೀರೇಲಿ ನೋಡಿದ್ರೆ ನಾನೇ ಮುತ್ತೈದೆ ಅನ್ಕೋಬೇಕು," ಅಂದು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ಅವತ್ತೇ ನಾನು ನೋಡಿದ್ದು.

ಬರುವಾಗಲೆಲ್ಲ ಬಾಳೆಲೆಯಲ್ಲಿ ಒಂದು ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿನ್ನುವುದನ್ನು ನೋಡಬೇಕೆಂದು ಅವಳಿಗೆ ಆಸೆ. ನನಗೆ ಎಲ್ಲಿಯ ಪುರುಸೊತ್ತು? ಕಿತ್ತುಕೊಂಡ ಹಾಗೆ ತೆಗೆದುಕೊಂಡು ಒಳಗೆ ಓಡುತ್ತಿದ್ದೆ. ಬಸ್ಸಿನ ಚಾರ್ಜಿಗೇ ಲಾಭ ಹೋಗುತ್ತದಲ್ಲ, ಮೂಗಿಗಿಂತ ಮೂಗುತಿ ಭಾರ ಅಂತ ಒಂದು ಸಲ ರೇಗಿದೆ. "ನಿಂಗ್ಯಾಕೆ ಅದೆಲ್ಲ, ಓದ್ಕೋ ಹೋಗು," ಅಂದಳು.

ಎರಡನೇ ವರ್ಷ ಒಂದು ಸೋಮವಾರ ಮುಂಜಾನೆ ನನ್ನ ವಾರ್ಡಿನಲ್ಲಿ ಒಬ್ಬ ಬಾಣಂತಿ ತೀರಿಕೊಂಡಳು. ಅವಳ ಮೈ ಒರೆಸಿ, ಸೀರೆ ಸುತ್ತಿ, ಹಾಗೇ ಗೇಟಿಗೆ ಬಂದೆ. ಅವ್ವನಿಂದ ದೂರ ನಿಂತು, "ಇವತ್ತು ನಾನು ಮುಟ್ಟಲ್ಲ ಕಣವ್ವ. ಹೆಣ ಮುಟ್ಟಿದ ಕೈ," ಅಂದೆ.

ಅವ್ವ ಬುಟ್ಟಿಯನ್ನು ನನ್ನ ಕಾಲ ಹತ್ತಿರ ತಂದಿಟ್ಟಳು.

"ಸತ್ತೋರ್ನ ಮುಟ್ಟಿದ್ದು ಒಂದ್ ಚೊಂಬು ನೀರಿಗೆ ಹೋಯ್ತದೆ. ಜನ ನಂಗೆ ಹಚ್ಚಿರೋದು ಯಾವ ನೀರಿಗೂ ಹೋಗಕಿಲ್ಲ. ಕೈ ತೊಳ್ಕೊಂಡು ಬಂದು ಮುಟ್ಟು."

ಅಂಜನಪ್ಪನೇ ಚೊಂಬಿನಲ್ಲಿ ನೀರು ತಂದುಕೊಟ್ಟ. ತೊಳೆದುಕೊಂಡು ಮುಟ್ಟಿದೆ. ಅವತ್ತು ವಾರ್ಡಿಗೆ ಹೋಗಿ ಅತ್ತೆ. ಸತ್ತವಳಿಗಾಗಿ ಅಂತ ಎಲ್ಲರೂ ಅಂದುಕೊಂಡರು.

ಹೇಳಿಕೊಳ್ಳಲು ನಾಚಿಕೆಯಾಗುವ ಸೋಮವಾರ ಮತ್ತೊಂದಿದೆ. ಕೊನೆಯ ಪರೀಕ್ಷೆಗೆ ಹತ್ತು ದಿನವಿತ್ತು. ಅಂಜನಪ್ಪ ಹೇಳಿ ಕಳಿಸಿದಾಗ ನಾನು ಓದುತ್ತಾ ಕೂತಿದ್ದೆ. ಎದ್ದು ಹೋಗಿದ್ದರೆ ಐದು ನಿಮಿಷದ ಕೆಲಸ. "ಡ್ಯೂಟೀಲಿದಾಳೆ, ಬರಕ್ಕಾಗಲ್ಲ ಅಂತ ಹೇಳಿ" ಎಂದು ಆಯಾಳ ಕೈಲಿ ಹೇಳಿಸಿದೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅಂಜನಪ್ಪ ರೊಟ್ಟಿಯ ಗಂಟು ಕೊಟ್ಟ. "ಹನ್ನೊಂದರ ತಂಕ ನಿಂತಿದ್ರಮ್ಮ. ಡ್ಯೂಟಿ ಮುಗುದ್ರೆ ಬಂದಾಳು ಅಂತ," ಅಂದ. ಅವ್ವನ ಅವತ್ತಿನ ಸಂತೆಯನ್ನು ಕಳೆದೆನಲ್ಲ ಅಂದುಕೊಂಡೆ. ಆದರೂ ಮತ್ತೆ ಪುಸ್ತಕ ಹಿಡಿದೆ.

ಪಾಸಾದೆ. ಅರವತ್ತೆರಡರಲ್ಲಿ ಕುಣಿಗಲ್ಲಿನ ಆಸ್ಪತ್ರೆಗೆ ಹಾಕಿದರು. ಇನ್ನೂ ದೂರದ ಕುಣಿಗಲ್ಲಿಗೆ ಬುಟ್ಟಿ ಹೊತ್ತು ಬರಲಾಗದು. ಹಾಗಾದರೆ ಅವ್ವ ಬೋಣಿಗೆ ಏನು ಮಾಡುತ್ತಾಳೆ? ಆ ಕೊರಗು ಬಿಡಲಿಲ್ಲ. ಮೊದಲ ಸಂಬಳ ಬಂದ ಮೇಲೆ, ಇನ್ನು ವ್ಯಾಪಾರ ಸಾಕು, ಅಜ್ಜಿಯನ್ನೂ ಕರಕೊಂಡು ನನ್ನ ಜೊತೆ ಬಂದುಬಿಡು ಅನ್ನಬೇಕೆಂದು ಒಂದು ಸೋಮವಾರ ಹೇಳದೆ ಕೇಳದೆ ಗುಬ್ಬಿಗೆ ಹೋದೆ.

ಅವ್ವ ಹಿಂದೆ ಸರಿದು ಕೂತಿರಲಿಲ್ಲ. ಗೋಣಿಯ ನಟ್ಟನಡುವೆ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. ಅಡಿಕೆ ಮಂಡಿ ಅಣ್ಣಯ್ಯಪ್ಪನವರ ಹೆಂಡತಿ ಮಗಳ ಮದುವೆಗೆಂದು ಸೇರುಗಟ್ಟಲೆ ಅರಿಶಿನ ಕುಂಕುಮ ಅವಳ ಕೈಯಿಂದಲೇ ಅಳೆಸಿಕೊಳ್ಳುತ್ತಿದ್ದರು. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಗಂಗಹನುಮಯ್ಯನ ಪಕ್ಕ ನಿಂತು ಬೆಪ್ಪಾಗಿ ನೋಡುತ್ತಿದ್ದೆ.

"ಯಾವಾಗಿಂದ ಮಾವ ಇದು?"

"ಅಯ್ಯೋ, ಎರಡು ವರ್ಸದ್ ಮೇಲಾಯ್ತು ಬುಡು. ಇವರ ದೊಡ್ಡ ಮಗಳ ಮದ್ವೆಗೂ ನಿಮ್ಮವ್ವನೇ ಕೊಟ್ಟಿದ್ದು. ಆ ಹುಡ್ಗಿಗೆ ವರ್ಸ ತುಂಬೋದ್ರಲ್ಲಿ ಗಂಡು ಮಗ ಆಯ್ತಲ್ಲ, ಆಮೇಲೆ ಯಾರ್ ಕೇಳ್ತಾರೆ ಯಾವ ಕೈ ಅಂತ. ಜನ ಮರ್‍ತೇಬುಟ್ರು."

ಎರಡು ವರ್ಷ. ಎಷ್ಟು ಸೋಮವಾರವಾಯಿತು ಅಂತ ಎಣಿಸಲು ನನಗೆ ಧೈರ್ಯ ಬರಲಿಲ್ಲ. ಗಿರಾಕಿ ಹೋದ ಮೇಲೆ ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತೆ. ಅವಳು ಗಾಬರಿಯಾಗಿ ಮುಖ ನೋಡಿದಳು. ಸಂಬಳ, ಕುಣಿಗಲ್ಲಿನ ಮನೆ, ಅಂದುಕೊಂಡು ಹೋದದ್ದೆಲ್ಲ ಮರೆತು ಹೋಗಿತ್ತು.

"ನಾನು ಮುಟ್ಟೋದು ಬೇಕೇ ಇರ್ಲಿಲ್ಲ. ಮತ್ತೆ ಯಾಕವ್ವ ಅಷ್ಟು ದೂರ ಬುಟ್ಟಿ ಹೊತ್ಕೊಂಡು ಬತ್ತಿದ್ದೆ?"

ಅವ್ವ ತಕ್ಕಡಿಗೆ ಅಂಟಿದ್ದ ಕುಂಕುಮವನ್ನು ಬೆರಳಲ್ಲಿ ಬಳಿದು ಡಬ್ಬಿಗೆ ಹಾಕಿದಳು.

"ನೀನು ಬರಕ್ಕಾಗ್ತಿರ್ಲಿಲ್ವಲ್ಲ," ಅಂದಳು. "ಬರೀ ನೋಡಕ್ಕೆ ಅಂತ ನಾನು ಬಂದ್ರೆ, ನೀನು ಓದೋದದೆ ಬರ್‍ಬ್ಯಾಡ ಅಂತಿದ್ದೆ. ಬುಟ್ಟಿ ಅಂದ್ರೆ ಗೇಟಿಗೆ ಓಡಿ ಬತ್ತಿದ್ದೆ."

ಅವಳು ಗೇಟಿನಲ್ಲಿ ಹನ್ನೊಂದರ ತನಕ ನಿಂತಿದ್ದ ಆ ಸೋಮವಾರ ನನಗೆ ನೆನಪಾಯಿತು. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, ಹಳೆಯ ಅಭ್ಯಾಸಕ್ಕೆ ಅನ್ನುವಂತೆ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು.

"ಬಂದಿದ್ದೀಯ, ಮುಟ್ ಹೋಗು."

ಡಬ್ಬಿಯ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ. ಸಂತೆ ಮುಗಿದು ಗೋಣಿ ಮಡಿಸುವ ತನಕ ಅಲ್ಲೇ ಕೂತಿದ್ದೆ. ಅವತ್ತು ನನಗೆ ಡ್ಯೂಟಿ ಇರಲಿಲ್ಲ.