ಮರ್ಯಾದೆ ತಪ್ಪಿದ ಫೋನು

ಕೊಟ್ಟೂರಿನ ಬೀಜದ ಕಂಪನಿಯೊಂದರ ಆಫೀಸಿಗೆ ಇಂಟರ್ನೆಟ್ ಫೋನು ಬಂದ ಮೇಲೆ ಫೋನೆತ್ತುವ ಸಂಗೀತಾಳ ಮೇಲೆ ದೂರುಗಳು ಶುರುವಾದವು. ಆ ಹುಡುಗಿ ಹಿರಿಯರನ್ನೂ ಏಕವಚನದಲ್ಲಿ ಮಾತಾಡಿಸುತ್ತಾಳಂತೆ. ನಾಳೆಯಿಂದ ಅವಳ ಜಾಗಕ್ಕೆ ಬೇರೆಯವರನ್ನು ಕೂರಿಸುವುದಾಗಿ ಮ್ಯಾನೇಜರ್ ಗಂಗಾಧರ ಹೇಳಿಬಿಟ್ಟಿದ್ದ.

"ಎಲ್ಲಾರಿಗೂ 'ರಿ' ಹಚ್ಚೇ ಮಾತಾಡ್ತೀನಕ್ಕ," ಎಂದಳು ಸಂಗೀತಾ, ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಭೂಮಿಕಾಳಿಗೆ.

ಅದು ನಿಜವೆಂದು ಪಕ್ಕದ ಟೇಬಲಿನ ಭೂಮಿಕಾಳಿಗೆ ಗೊತ್ತಿತ್ತು. ಹಾಗಾದರೆ ಆ ಮರ್ಯಾದೆಯ 'ರಿ' ಎಲ್ಲಿಗೆ ಹೋಗುತ್ತಿತ್ತು? ಅವಳು ಮೊಬೈಲ್ ಹಿಡಿದು ಹೊರಗೆ ನಿಂತು, ಸಂಗೀತಾಳಿಂದ ಆಫೀಸಿನ ಫೋನಿನಲ್ಲಿ ಕರೆ ಮಾಡಿಸಿಕೊಂಡಳು. "ಹೇಳ್ರಿ" ಎಂದದ್ದು "ಹೇಳ್" ಎಂದು ಕೇಳಿಸಿತು. "ಬರ್ರಿ" ಎಂದದ್ದು "ಬರ್" ಆಯಿತು. ಗಟ್ಟಿಯಾಗಿ ಅಂದಾಗ ಮಾತ್ರ 'ರಿ' ಉಳಿಯಿತು. ಕೇಬಲ್ ಕೆಟ್ಟಿದ್ದರೆ ಮಾತು ಎಲ್ಲೆಂದರಲ್ಲಿ ಕಡಿಯಬೇಕಿತ್ತು. ಇದು ಕೊನೆಯ ಮೆತ್ತನೆಯ ಅಕ್ಷರವನ್ನೇ ಹುಡುಕಿ ನುಂಗುತ್ತಿತ್ತು.

ಭೂಮಿಕಾ ಫೋನಿನ ಸೆಟ್ಟಿಂಗ್ ತೆರೆದಳು. ಯಾರೂ ಮಾತಾಡದಿದ್ದಾಗ ದನಿ ಕಳಿಸುವುದನ್ನು ನಿಲ್ಲಿಸುವ ಒಂದು ಸೌಲಭ್ಯ ಅದರಲ್ಲಿ ಚಾಲೂ ಇತ್ತು. ಸಂಗೀತಾಳ ಮೆಲುದನಿಯ 'ರಿ'ಯನ್ನು ಅದು ಮೌನವೆಂದೇ ತಿಳಿದಿತ್ತು. ಅದನ್ನು ಬಂದ್ ಮಾಡಿ, ಗಂಗಾಧರನನ್ನು ಕರೆದು, ಅವನೆದುರಿಗೇ ತೆಲಿಗಿಯ ರೈತ ಯರ್ರೆಪ್ಪನಿಗೆ ಸಂಗೀತಾಳಿಂದ ಸ್ಪೀಕರಿನಲ್ಲಿ ಫೋನು ಹಚ್ಚಿಸಿದಳು. ಮೊದಲ ದೂರು ಅವನದೇ ಆಗಿತ್ತು.

"ಆರಾಮ ಅದೀರೇನ್ರಿ? ಯಾವ ಬೀಜ ಬೇಕಾಗಿತ್ತು ಹೇಳ್ರಿ."

ಆ ಕಡೆಯಿಂದ ಯರ್ರೆಪ್ಪ ಅಂದ: "ಪರವಾಗಿಲ್ಲವ್ವಾ, ನಿಮ್ಮ ಆಫೀಸಿನಾಗ ಯಾರಿಗೋ ಮರ್ಯಾದಿ ಕಲಿಸ್ಯಾರ."

"ಹೌದ್ರಿ, ಫೋನಿಗೆ ಕಲಿಸೀವ್ರಿ," ಎಂದಳು ಸಂಗೀತಾ.

ಗಂಗಾಧರ ನಗು ತಡೆಯಲಾರದೆ, "ನಾಳಿನೂ ನೀನೇ ಕುಂದ್ರವ್ವಾ," ಎಂದ.