ಬ್ರೆಡ್ಡಿಗೆ ಕಟ್ಟುಪಾಡಿಲ್ಲ

ಗೂಡಲೂರಿನಲ್ಲಿ ಬಸ್ಸು ಪೂರಾ ನಿಲ್ಲುವ ಮೊದಲೇ ನಾಗಮ್ಮಾಳ್ ಮೆಟ್ಟಿಲಿಗೆ ಇಳಿದು ನಿಂತರು. ಬಲಗೈಯಲ್ಲಿ ಕಂಬಿ, ಎಡಗೈಯಲ್ಲಿ ಸೆರಗಿನ ತುದಿಯ ಗಂಟು. ಗಂಟಿನಲ್ಲಿ ಒಂದು ಹಿಡಿ ಅಕ್ಕಿ ಇತ್ತು.

"ಪಾಟ್ಟಿ, ವಿಳುಂದುಡಾದೀಂಗ!" ಎಂದು ಕಂಡಕ್ಟರ್ ತಮಿಳಿನಲ್ಲಿ ಕೂಗಿದ. ಅವರು ಬೀಳಲಿಲ್ಲ.

ಗಂಟೆ ಎರಡೂ ಹತ್ತು. ಗುರುವಾರದ ರಾಹುಕಾಲ ಮೂರಕ್ಕೆ ಮುಗಿಯುತ್ತದೆ. ಆಮೇಲೆ ಹೆಣ ಎತ್ತುತ್ತಾರೆ. ಎತ್ತುವ ಮೊದಲು ಹತ್ತಿರದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸತ್ತವರ ಬಾಯಿಗೆ ಮೂರು ಸಲ ಅಕ್ಕಿ ಹಾಕಬೇಕು. ವಾಯ್ಕರಿಸಿ ಎನ್ನುತ್ತಾರೆ. ಅಕ್ಕಿ ಅವರವರ ಮನೆಯದೇ ಆಗಬೇಕು. ನಾಗಮ್ಮಾಳ್ ಉತ್ತಮಪಾಳ್ಯದ ತಮ್ಮ ಮನೆಯ ಡಬ್ಬದಿಂದ ತೆಗೆದು ಕಟ್ಟಿಕೊಂಡು ಬಂದಿದ್ದರು. ತಮ್ಮ ಮನೆಯ ಅಕ್ಕಿ, ಈಗ ತೀರಿಹೋದ ಕಾಮಾಕ್ಷಿಯಮ್ಮಾಳ್ ಮನೆಯ ಹೊಸ್ತಿಲು ದಾಟಬಾರದು ಎಂದು ಆರು ವರ್ಷದ ಹಿಂದೆ ಕಟ್ಟುಪಾಡಾಗಿದ್ದದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಂದಿದ್ದರು.

ಸುದ್ದಿ ಹೇಳಿದವನು ಜೀವಾ, ಕಂಬಂನಲ್ಲಿ ರಕ್ತಪರೀಕ್ಷೆಯ ಲ್ಯಾಬಿನ ಎದುರು ನಾಲ್ಕು ಮೇಜಿನ ಕೆಫೆ ಇಟ್ಟಿರುವವನು. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಕಣ್ಣೀರಂಜಲಿ ಪೋಸ್ಟರಿನಲ್ಲಿ ಗುರುತಿನ ಮುಖ ಕಂಡು ಹನ್ನೊಂದೂವರೆಗೆ ಫೋನ್ ಮಾಡಿದ್ದ. "ಅಮ್ಮಾ, ನಿಮ್ಮ ಫ್ರೆಂಡು..." ಎಂದು ತಮಿಳಿನಲ್ಲಿ ಶುರುಮಾಡಿ ನಿಲ್ಲಿಸಿದ್ದ. ಅರವತ್ತೇಳು ವರ್ಷದ ನಾಗಮ್ಮಾಳಿಗೆ ಯಾರನ್ನೂ ತೋರಿಸಿ ಯಾರೂ ಫ್ರೆಂಡು ಎಂದಿರಲಿಲ್ಲ. ಯಾರ ಬಗ್ಗೆ ಹೇಳುತ್ತಿದ್ದಾನೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬೀದಿಯ ತಿರುವಿಗೆ ಬಂದಾಗ ತಮಟೆಯ ಸದ್ದು ಕೇಳಿತು. ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು, ಜಗುಲಿಯ ಮೇಲೆ ಹೆಂಗಸರು.

"ಯಾರೇ ಅದು? ಉತ್ತಮಪಾಳ್ಯದೋಳು ಅಲ್ವೇನೇ?"

"ಅವಳೇ. ಯಾವ ಮಕ ಇಟ್ಕೊಂಡು ಬಂದವಳೋ."

"ಮೆಲ್ಲಗೆ ಮಾತಾಡೇ. ಕೇಳಿಸ್ತದೆ."

"ಕೇಳಿಸ್ಲಿ ಅಂತಾನೆ ತಾನೆ ಯೋಳ್ತಿರೋದು."

ನಾಗಮ್ಮಾಳ್ ಚಪ್ಪಲಿ ಬಿಟ್ಟರು. ಶಾಮಿಯಾನದ ಮೊದಲ ಕಂಬದ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಪೆರಿಯಣ್ಣನ್ ಕೈಗೋಲನ್ನು ಅಡ್ಡಲಾಗಿ ಚಾಚಿದರು.

*

ಕಾಮಾಕ್ಷಿಯಮ್ಮಾಳ್ ಮಗಳು ಅಭಿರಾಮಿಯನ್ನು ನಾಗಮ್ಮಾಳ್ ಮಗ ಜೆಯಕುಮಾರನಿಗೆ ಕೊಟ್ಟಿದ್ದರು. ಅವನದು ಬೋಡಿಮೆಟ್ಟಿನ ಏಲಕ್ಕಿ ವ್ಯಾಪಾರ, ಅವಳದು ದಿಂಡಿಗಲ್ಲಿನಲ್ಲಿ ನರ್ಸ್ ಕೆಲಸ. ಮೂರನೆಯ ವರ್ಷ ಅವನು ಒಂದೇ ಸಲ ಅವಳ ಮೇಲೆ ಕೈಯೆತ್ತಿದ. ಎರಡನೆಯ ಸಲಕ್ಕೆ ಅವಳು ಕಾಯಲಿಲ್ಲ. ನಾಗಮ್ಮಾಳ್ ಆಗ ಅಡುಗೆಮನೆಯ ಬಾಗಿಲಲ್ಲಿದ್ದರು, ಕಣ್ಣಾರೆ ಕಂಡಿದ್ದರು.

ಕುಲದವರು ಗುಡಿಯ ಮುಂದೆ ಸೇರಿದರು. ಕಾಮಾಕ್ಷಿಯಮ್ಮಾಳಿನ ಗಂಡನ ಅಣ್ಣನಾದರೂ ಪೆರಿಯಣ್ಣನ್ ಪಕ್ಷ ಹಿಡಿಯುವವರಲ್ಲ ಎಂದು ಎರಡೂ ಕಡೆಯವರು ಅವರನ್ನೇ ತೀರ್ಪಿಗೆ ಕೂರಿಸಿದ್ದರು. ಅವರು ಹುಡುಗನ ತಾಯಿಯನ್ನು ಮೂರು ಸಲ ಕೇಳಿದರು: "ತಪ್ಪು ಯಾರ್ದಮ್ಮಾ?" ನಾಗಮ್ಮಾಳ್ ನೆಲ ನೋಡುತ್ತಾ ಕೂತರು. ಮೂರನೆಯ ಸಲವೂ ಉತ್ತರ ಬಾರದಿದ್ದಾಗ, ಮನೆ ಬಿಟ್ಟು ಹೋದವಳು ಹುಡುಗಿ, ಆದ್ದರಿಂದ ತಪ್ಪು ಹೆಣ್ಣಿನ ಕಡೆ ಎಂದು ತೀರ್ಪಾಯಿತು. ಹುಲ್ಲುಕಡ್ಡಿಯೊಂದನ್ನು ಎತ್ತಿ ಹಿಡಿದು ಮುರಿದರು. ಅಲ್ಲಿಗೆ ಮದುವೆ ಮುಗಿಯಿತು. ಇನ್ನು ಮೇಲೆ ಒಂದು ಮನೆಯ ಅನ್ನ ಇನ್ನೊಂದು ಮನೆಗಿಲ್ಲ ಎಂದರು.

ತಪ್ಪು ಹೊತ್ತ ಮನೆಗೆ ಕುಲದ ಮದುವೆಗಳಲ್ಲಿ ವೀಳ್ಯ ಎಲ್ಲರಿಗೂ ಕೊಟ್ಟಾದ ಮೇಲೆ ಕೊಡುತ್ತಾರೆ. ಅಂದಿನಿಂದ ಕಾಮಾಕ್ಷಿಯಮ್ಮಾಳ್ ಹದಿನಾಲ್ಕು ಮದುವೆಗಳಿಗೆ ಹೋಗಿದ್ದರು. ಹದಿನಾಲ್ಕರಲ್ಲೂ ಕಡೆಯವರಾಗಿ ನಿಂತು ವೀಳ್ಯ ತೆಗೆದುಕೊಂಡು ಬಂದಿದ್ದರು.

*

"ಬಂದಿದೀಯ, ಸರಿ. ಸಾವಿನ ಮನೆಗೆ ಬರಬ್ಯಾಡ ಅನ್ನೋಕಿಲ್ಲ," ಎಂದರು ಪೆರಿಯಣ್ಣನ್. ವಯಸ್ಸು ಎಂಬತ್ತೊಂದಾದರೂ ಧ್ವನಿ ಗಟ್ಟಿ. "ಅಲ್ಲಿ ಕುಂತ್ಕೋ. ನೋಡು. ಓಗು."

"ಅಕ್ಕಿ ತಂದಿದೀನಿ ಅಣ್ಣಾ."

"ಅದು ಆಗಲ್ಲ."

"ಒಂದೇ ಹಿಡಿ."

"ಒಂದ್ ಕಾಳೂ ಆಗಲ್ಲ. ನಿನ್ ಮನೆ ಅಕ್ಕಿ ಈ ಮನೆ ಬಾಯಿಗೆ ಓಗಂಗಿಲ್ಲ. ನೀನೂ ಕುಂತಿದ್ದೆ ತಾನೆ ಆವತ್ತು? ಆರು ವರ್ಷ ಒಂದ್ ಗುಟುಕು ನೀರು ಕೊಟ್ಟು ತಗೊಂಡಿಲ್ಲ ನೀವು. ಈಗೇನು?"

"ತಿಂಗ್ಳಿಗೊಂದ್ ಸಲ ಒಂದೇ ಮೇಜಾಗ ಕುಂತು ತಿಂದಿದೀವಿ."

ಪೆರಿಯಣ್ಣನ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಏನ್ ತಿಂದ್ರಿ?"

"ಸೂಪು. ಆಮೇಲೆ ಬ್ರೆಡ್ಡು. ಮಧ್ಯದಾಗ ಸೌತೆಕಾಯಿ, ಟೊಮೇಟೊ ಇಟ್ಟು ಸುಟ್ಟಿರೋದು. ಸ್ಯಾಂಡ್‌ವಿಚ್ಚು."

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

"ಬ್ರೆಡ್ಡು ಕಾಯಿಲೆಯೋರು ತಿನ್ನೋದು," ಎಂದರು ಪೆರಿಯಣ್ಣನ್. "ಅದು ಲೆಕ್ಕಕ್ಕೆ ಬರಲ್ಲ."

*

ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಕಂಡುಹಿಡಿದವರು ಕಾಮಾಕ್ಷಿಯಮ್ಮಾಳೇ.

ಐದು ವರ್ಷದ ಹಿಂದೆ, ತಿಂಗಳ ಮೊದಲ ಬುಧವಾರ. ಸಕ್ಕರೆ ಕಾಯಿಲೆಯವರ ರಕ್ತವನ್ನು ಲ್ಯಾಬಿನಲ್ಲಿ ಎರಡು ಸಲ ತೆಗೆಯುತ್ತಾರೆ: ಖಾಲಿ ಹೊಟ್ಟೆಯಲ್ಲೊಮ್ಮೆ, ತಿಂದು ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ನಾಗಮ್ಮಾಳ್ ಮೊದಲ ಸಲದ್ದು ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಎದುರಿನ ಕೆಫೆಗೆ ಹೋದರು. ಮೂರು ಮೇಜುಗಳಲ್ಲಿ ಕಾಲೇಜಿನ ಹುಡುಗಿಯರಿದ್ದರು. ನಾಲ್ಕನೆಯದರಲ್ಲಿ, ಅದೇ ರೀತಿ ತೋಳಿಗೆ ಹತ್ತಿ ಒತ್ತಿಕೊಂಡು, ಕಾಮಾಕ್ಷಿಯಮ್ಮಾಳ್ ಕೂತಿದ್ದರು.

ನಾಗಮ್ಮಾಳ್ ತಿರುಗಿ ಹೊರಟರು.

"ಓಗು, ಓಗು," ಎಂದಿತು ಹಿಂದಿನಿಂದ ಧ್ವನಿ. "ತಿನ್ನದೆ ಓದ್ರೆ ನಾಳೆ ಬಂದು ಇನ್ನೊಂದ್ ಸಲ ಚುಚ್ಚಿಸ್ಕೋಬೇಕು. ಅಷ್ಟೇ ತಾನೆ ಸಂಬಂದಿ?"

ಆ ಶಬ್ದ ಕೇಳಿ ಒಂದು ವರ್ಷವಾಗಿತ್ತು. ಬೀಗಿತಿಯರು ಒಬ್ಬರನ್ನೊಬ್ಬರು ಹಾಗೆ ಕರೆಯುವುದು; ಕಡ್ಡಿ ಮುರಿದ ಮೇಲೆ ಕರೆಯುವಂತಿಲ್ಲ. ನಾಗಮ್ಮಾಳ್ ಬೀದಿಯ ಎರಡೂ ಕಡೆ ನೋಡಿದರು.

"ಯಾರಾನ ನೋಡಿದ್ರೆ?"

"ನೋಡ್ಲಿ. ಅವರು ಅನ್ನ ಅಂದ್ರು. ಇಲ್ಲಿ ಅನ್ನ ಎಲ್ಲೈತೆ ತೋರ್ಸು. ಏಯ್ ತಂಬಿ, ಇಲ್ಲಿ ಅನ್ನ ಮಾಡ್ತೀಯೇನಪ್ಪಾ?"

ಜೀವಾನಿಗೆ ಅವರ ಕನ್ನಡ ಅರ್ಧ ತಿಳಿಯಿತು. ಕುಮಿಳಿಯ ಹೋಟೆಲಿನಲ್ಲಿ ಹನ್ನೊಂದು ವರ್ಷ ವಿದೇಶಿಯರಿಗೆ ಅಡುಗೆ ಮಾಡಿ ಬಂದವನು. ಬೆಳಿಗ್ಗೆ ಸೂಪು, ಸ್ಯಾಂಡ್‌ವಿಚ್ಚು, ಕಾಫಿ ಮಾತ್ರ ಎಂದ.

"ಇಡ್ಲಿ?" ಎಂದು ನಾಗಮ್ಮಾಳ್ ಕೇಳಿದರು.

"ಇಡ್ಲಿ ಬ್ಯಾಡ," ಎಂದರು ಕಾಮಾಕ್ಷಿಯಮ್ಮಾಳ್. "ಅದೂ ಅಕ್ಕಿನೇ."

ಸೂಪು ಬಂತು. ಕಾಮಾಕ್ಷಿಯಮ್ಮಾಳ್ ಒಂದು ಚಮಚ ಎತ್ತಿ ಬೆಳಕಿಗೆ ಹಿಡಿದು ನೋಡಿ, ಕುಡಿದರು. "ರಸಕ್ಕೆ ಹಿಟ್ಟು ಕಲ್ಸವನೆ." ಇನ್ನೊಂದು ಚಮಚ ಕುಡಿದರು. "ಕಳ್ಳ. ಚೆನ್ನಾಗಿ ಕಲ್ಸವನೆ." ಮೆಣಸಿನಪುಡಿಯ ಡಬ್ಬಿ ತರಿಸಿ ಎರಡೂ ಬಟ್ಟಲಿಗೆ ಧಾರಾಳವಾಗಿ ಉದುರಿಸಿದರು. ಸ್ಯಾಂಡ್‌ವಿಚ್ಚಿನ ಅಂಚನ್ನು ಯಾಕೆ ಕೊಯ್ದು ಬಿಸಾಡುತ್ತೀಯ, ಹಲ್ಲಿಗೆ ಸಿಗುವುದು ಅದೊಂದೇ ತಾನೆ ಎಂದು ಜೀವಾನನ್ನು ಗದರಿದರು. ಮುಂದಿನ ತಿಂಗಳಿಂದ ಆ ಮೇಜಿಗೆ ಅಂಚು ಕೊಯ್ಯದೆ ಬಂತು.

ಇಬ್ಬರೂ ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಣ್ಣುವವರು. ಬಿಸಿಬಿಸಿಯಾದದ್ದನ್ನು ಇನ್ನೊಬ್ಬರು ತಂದು ಎದುರಿಗಿಡುವುದು, ಸಾಕೇ ಎಂದು ಕೇಳುವುದು ಅವರಿಗೆ ಹೊಸದು. ಸೂಪನ್ನು ಆರಿಸಿಕೊಂಡು ಕುಡಿಯುತ್ತಾ, ಸ್ಯಾಂಡ್‌ವಿಚ್ಚನ್ನು ಮೂಲೆಯಿಂದ ಕಚ್ಚುತ್ತಾ ಎರಡು ಗಂಟೆ ಕಳೆಯುತ್ತಿದ್ದರು. ದ್ರಾಕ್ಷಿ ತೋಟಕ್ಕೆ ಬಿದ್ದ ರೋಗ, ಸೊಸೆಯ ತಮ್ಮನ ಬುಲೆಟ್ಟು, ಮಂಡಿ ನೋವು ಎಲ್ಲ ಮಾತಿಗೆ ಬರುತ್ತಿತ್ತು. ಜೆಯಕುಮಾರ್, ಅಭಿರಾಮಿ ಎಂಬ ಎರಡು ಹೆಸರು ಬರುತ್ತಿರಲಿಲ್ಲ. ಸಕ್ಕರೆ ಹತೋಟಿಗೆ ಬಂದು, ಮೂರು ತಿಂಗಳಿಗೊಮ್ಮೆ ಬಂದರೆ ಸಾಕೆಂದು ಡಾಕ್ಟರು ಹೇಳಿದ ಮೇಲೂ ಇಬ್ಬರೂ ಪ್ರತಿ ತಿಂಗಳು ಬಂದರು. ರಕ್ತ ಕೊಡದೆ ಸೀದಾ ಕೆಫೆಗೆ.

*

ಎರಡೂ ಮುಕ್ಕಾಲಿಗೆ ಐಸ್ ಪೆಟ್ಟಿಗೆಯಿಂದ ಹೆಣವನ್ನು ಹೊರಗೆ ತಂದರು. ಸತ್ತವರ ಮಗ ತಂಗರಾಜ್ ಬೋಳಿಸಿದ ತಲೆಯಲ್ಲಿ ನಿಂತಿದ್ದ. ಹೆಂಗಸರು ಸಾಲಾದರು. ನಾಗಮ್ಮಾಳ್ ಕಂಬದ ಬಳಿಯೇ ಇದ್ದರು; ಕೈಗೋಲು ಅಡ್ಡಲಾಗಿಯೇ ಇತ್ತು.

ಪಕ್ಕದ ಕುರ್ಚಿಯ ಹೆಂಗಸು, ನಾಗಮ್ಮಾಳ್ ಯಾರೆಂದು ತಿಳಿಯದವಳು, ಕೇಳದೆಯೇ ಹೇಳಿದಳು: "ನೆನ್ನೆ ಚೆನ್ನಾಗೇ ಇತ್ತಂತೆ. ಕಂಬಂಗೆ ಓಗಿ ಬಂತಂತೆ. ರಾತ್ರಿ ಊಟ ಬ್ಯಾಡ, ಹೊಟ್ಟೆ ತುಂಬೈತೆ ಅಂತಂತೆ. ಬೆಳಗಿನ ಜಾವ ಎದೆ ನೋವು ಅಂತ ಎದ್ದು ಕುಂತಿದ್ದೇ. ಪಾವಂ, ಖಾಲಿ ಹೊಟ್ಟೆಲಿ ಓಯ್ತು."

"ಖಾಲಿ ಹೊಟ್ಟೆ ಅಲ್ಲ," ಎಂದರು ನಾಗಮ್ಮಾಳ್.

*

ನಿನ್ನೆ ಟೊಮೇಟೊ ಸೂಪು. ಕಾಮಾಕ್ಷಿಯಮ್ಮಾಳ್ ಬಟ್ಟಲನ್ನು ಅರ್ಧ ಮುಗಿಸಿ ಚಮಚ ಕೆಳಗಿಟ್ಟರು.

"ಒಂದ್ ಮಾತು ಕೇಳ್ತೀನಿ. ಕೋಪ ಮಾಡ್ಕೋಬ್ಯಾಡ. ಆವತ್ತು ಮೂರ್ ಸಲ ಕೇಳಿದ್ರಲ್ಲ. ಯಾಕೆ ಸುಮ್ಕೆ ಕುಂತೆ?"

ಐದು ವರ್ಷದಲ್ಲಿ ಕೇಳಿರಲಿಲ್ಲ. ನಾಗಮ್ಮಾಳ್ ಸ್ಯಾಂಡ್‌ವಿಚ್ಚನ್ನು ಎರಡು ಮಾಡಿದರು, ನಾಲ್ಕು ಮಾಡಿದರು.

"ಮಗ ಅಲ್ವಾ."

"ನನಗೆ ಅವಳು ಮಗಳು ತಾನೆ."

ಜೀವಾ ಬಂದು ಇನ್ನೇನಾದರೂ ಬೇಕೇ ಎಂದ. ಇಬ್ಬರೂ ಬೇಡವೆಂದು ತಲೆಯಾಡಿಸಿದರು.

"ಸರಿ ಬಿಡು. ಸೂಪು ಆರೋಯ್ತದೆ, ಕುಡಿ," ಎಂದರು ಕಾಮಾಕ್ಷಿಯಮ್ಮಾಳ್. ನಾಗಮ್ಮಾಳ್ ತಿನ್ನದೆ ಬಿಟ್ಟ ತುಂಡುಗಳನ್ನು ತಮ್ಮ ತಟ್ಟೆಗೆ ಎಳೆದುಕೊಂಡು ಒಂದೊಂದಾಗಿ ತಿಂದರು. ಬಸ್ಸು ಹತ್ತುವಾಗ ತಿರುಗಿ ಹೇಳಿದರು: "ಯೋಚ್ನೆ ಮಾಡಿ ಬಾ. ಬರೋ ತಿಂಗ್ಳು ಯೋಳು."

*

ಸಾಲಿನಲ್ಲಿ ಮೂವರು ಉಳಿದಿದ್ದರು. ಆಮೇಲೆ ಇಬ್ಬರು.

"ಅಣ್ಣಾ," ಎಂದರು ನಾಗಮ್ಮಾಳ್. "ಆವತ್ತು ನೀವು ಕೇಳಿದ್ರಲ್ಲ, ಅದಕ್ಕೆ ಈಗ ಯೋಳ್ತೀನಿ."

"ಏನ್ ಕೇಳಿದ್ದೆ?"

"ತಪ್ಪು ಯಾರ್ದು ಅಂತ."

"ಅದು ಮುಗಿದೋದ ಮಾತು."

"ನಾನು ಯೋಳೇ ಇಲ್ಲ, ಅದೆಂಗೆ ಮುಗೀತದೆ?" ಅವರು ಪೆರಿಯಣ್ಣನ್ ಅವರನ್ನು ಬಿಟ್ಟು ಜಗುಲಿಯ ಕಡೆಗೆ ತಿರುಗಿದರು. ತಮಟೆಯ ಮೇಲೆ ಕೇಳಿಸಬೇಕಾಗಿತ್ತು, ಆದ್ದರಿಂದ ಕೂಗಿಯೇ ಹೇಳಿದರು. "ತಪ್ಪು ನನ್ ಮಗಂದು! ಅವನು ಹೊಡೆದ. ನಾನು ಬಾಗ್ಲಾಗ ನಿಂತು ನೋಡ್ದೆ. ನೋಡಿ, ಪಂಚಾಯ್ತಿಲಿ ಸುಮ್ನೆ ಕುಂತೆ. ಈ ಮನೆ ಮೇಲೆ ಏನೂ ತಪ್ಪಿಲ್ಲ!"

ತಮಟೆಯವರಲ್ಲಿ ಒಬ್ಬ ನಿಲ್ಲಿಸಿದ. ಉಳಿದವರು ಎರಡು ಪೆಟ್ಟು ಹಾಕಿ ನಿಲ್ಲಿಸಿದರು. ಬೀದಿಯಲ್ಲಿ ಹೆಣ ಒಯ್ಯುವ ರಥದ ವ್ಯಾನಿನ ಇಂಜಿನ್ ಮಾತ್ರ ಓಡುತ್ತಿತ್ತು.

"ಇದನ್ನ ಯೋಳೋಕೆ ಎಣ ಎತ್ತೋ ಹೊತ್ತೇ ಬೇಕಿತ್ತಾ?" ಎಂದರು ಪೆರಿಯಣ್ಣನ್.

"ಬರೋ ತಿಂಗ್ಳು ಯೋಳು ಅಂದಿದ್ಲು."

ಪೆರಿಯಣ್ಣನ್ ಗಡಿಯಾರ ನೋಡಿಕೊಂಡರು. ಮೂರಕ್ಕೆ ಆರು ನಿಮಿಷ. "ತಪ್ಪು ಯಾರ್ದಾದ್ರೂ ಕಡ್ಡಿ ಮುರಿದಾಗೈತೆ. ಅನ್ನದ ಕಟ್ಟು ಕಟ್ಟೇ," ಎಂದರು. ಧ್ವನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ತಾಯಿಯ ತಲೆಯ ಬಳಿ ನಿಂತಿದ್ದ ಅಭಿರಾಮಿ ಜಗುಲಿ ಇಳಿದು ಬಂದಳು. ಮನೆಮಾತಾದ ಕನ್ನಡವನ್ನು ಆಡುವುದಕ್ಕಿಂತ ಕೇಳಿಯೇ ಹೆಚ್ಚು ಅಭ್ಯಾಸವಿದ್ದವಳು. ಶಬ್ದ ಹುಡುಕಿ ಹುಡುಕಿ ದೊಡ್ಡಪ್ಪನಿಗೆ ಹೇಳಿದಳು.

"ಪೆರಿಯಪ್ಪಾ, ಕಡ್ಡಿ ನಂದು. ಮುರಿದಿದ್ದು ನಂಗೆ. ಅಮ್ಮಂಗೆ ಅಲ್ಲ." ಅವಳು ನಾಗಮ್ಮಾಳ್ ಕಡೆ ನೋಡಿದಳು. ಮುಖದಲ್ಲಿ ಸ್ನೇಹವಿರಲಿಲ್ಲ. "ಬಾ ಅತ್ತೆ. ಹೊತ್ತಾಯ್ತದೆ."

ಪೆರಿಯಣ್ಣನ್ ಕೈಗೋಲನ್ನು ತಮ್ಮ ಕಡೆಗೆ ಎಳೆದುಕೊಂಡು, ವ್ಯಾನಿನವನಿಗೆ ಇನ್ನೂ ಸ್ವಲ್ಪ ಹಿಂದಕ್ಕೆ ತರುವಂತೆ ಕೈ ತೋರಿಸತೊಡಗಿದರು. ವ್ಯಾನು ಇದ್ದ ಜಾಗ ಸರಿಯಾಗಿಯೇ ಇತ್ತು.

ಗಂಟು ಬಿಚ್ಚಲು ನಾಗಮ್ಮಾಳಿಗೆ ಆಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಿಗಿ ಮಾಡುತ್ತಲೇ ಬಂದಿದ್ದರು. ಅಭಿರಾಮಿ ಹಲ್ಲಿನಿಂದ ಬಿಡಿಸಿಕೊಟ್ಟಳು.

ಕಾಮಾಕ್ಷಿಯಮ್ಮಾಳಿನ ದವಡೆಗೆ ಬಿಳಿ ಬಟ್ಟೆ ಸುತ್ತಿ ತಲೆಯ ಮೇಲೆ ಕಟ್ಟಿದ್ದರು. ತುಟಿ ಮುಚ್ಚಿತ್ತು. ಪೆಟ್ಟಿಗೆಯ ತಂಪಿನಿಂದ ಹೊರಗೆ ಬಂದ ಮುಖದ ಮೇಲೆ ಸಣ್ಣ ಹನಿಗಳು ಕಟ್ಟಿದ್ದವು. ನಾಗಮ್ಮಾಳ್ ಒಂದು ಸಲ ಹಾಕಿದರು, ಎರಡು ಸಲ ಹಾಕಿದರು. ಮೂರನೆಯ ಸಲ ಅಕ್ಕಿ ತುಟಿಯ ಮೇಲೆ ನಿಲ್ಲದೆ ಕೆನ್ನೆಯ ಮೇಲಿಂದ ಜಾರಿ ಕಿವಿಯ ಹಿಂದೆ, ಹೊಸ ಸೀರೆಯ ಮಡಿಕೆಗೆ ಬಿತ್ತು.

"ಮೂರಾಯ್ತಲ್ಲಮ್ಮಾ," ಎಂದು ಯಾರೋ ಹಿಂದಿನಿಂದ ಹೇಳಿದರು.

ನಾಗಮ್ಮಾಳ್ ಬಗ್ಗಿ, ಬಿದ್ದ ಕಾಳುಗಳನ್ನು ಆರಿಸತೊಡಗಿದರು. ಹೊರುವ ನಾಲ್ವರು ಬಿದಿರಿಗೆ ಕೈ ಹಾಕಿ ಮಂಡಿಯೂರಿ ಕಾಯುತ್ತಿದ್ದರು. ಕಿವಿಯ ಹಿಂದಿನ ಒಂದು ಕಾಳನ್ನು ಅವರು ಉಗುರಿನಿಂದ ಎತ್ತಿ, ಮುಚ್ಚಿದ ತುಟಿಯ ಮಧ್ಯಕ್ಕೆ ತಂದಿಟ್ಟು, ಅದು ಅಲ್ಲಿ ನಿಲ್ಲುವವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು.